ಬರೀ ‘ಮಧುಬನಿ’ ಎಂದರೆ ಸಾಲದು

ಮಾನ್ಯರೇ,

ಬಿಹಾರದ ಜನಪದ ಕಲೆಯಾದ ಮಧುಬನಿ ಚಿತ್ರಗಳ ಕುರಿತ ನಿಮ್ಮ ವರದಿ ಚೆನ್ನಾಗಿತ್ತು, ಆದರೆ ಅದರ ಬೇರೆ ಬೇರೆ ಬಗೆಗಳ ಮಾತೇ ಬರಲಿಲ್ಲ. ಕರಕುಶಲ ಮೇಳಗಳಲ್ಲೂ ಇದೇ ಕಥೆ. ಈಚೆಗೆ ಒಂದು ಕಡೆ, ಕೈಯಲ್ಲೇ ಬರೆದದ್ದು ಎಂದು ನಂಬಿ ಮೀನಿನ ಚಿತ್ರವೊಂದನ್ನು ಕೊಂಡೆ. ಮನೆಗೆ ತಂದು ಬೆಳಕಿಗೆ ಹಿಡಿದರೆ ಅಚ್ಚು ಹಾಕಿದ್ದು! ಕೈಯಲ್ಲಿ ಎಳೆದ ಜೋಡಿಗೆರೆ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳು ಇರುತ್ತದೆ ಅಲ್ವಾ? ಇದರಲ್ಲಿ ಎಲ್ಲವೂ ಒಂದೇ ಸಮ.

ಬಿಹಾರದ ಮಿಥಿಲೆಯ ಹೆಂಗಸರು ಮದುವೆ ಮನೆಯ ಕೋಣೆಗೋಡೆಗೆ ಕಮಲ, ಬಿದಿರು, ಮೀನು ಬರೆಯುತ್ತಿದ್ದರು. 1934ರ ಭೂಕಂಪದಲ್ಲಿ ಗೋಡೆಗಳು ಬಿದ್ದಾಗ ಬ್ರಿಟಿಷ್ ಅಧಿಕಾರಿ ಆರ್ಚರ್ ಕಣ್ಣಿಗೆ ಈ ಚಿತ್ರಗಳು ಬಿದ್ದವು. 1960ರ ದಶಕದ ಬರಗಾಲದಲ್ಲಿ, ಹೆಂಗಸರ ಕೈಗೆ ನಾಲ್ಕು ಕಾಸು ಬರಲೆಂದು, ಅವು ಕಾಗದಕ್ಕೆ ಇಳಿದವು. ಇವುಗಳಲ್ಲಿ ಭರ್ನಿ ಎಂಬ ಬಗೆಯಲ್ಲಿ ಗಾಢ ಬಣ್ಣ ತುಂಬುತ್ತಾರೆ. ಕಚ್ನಿಯಲ್ಲಿ ಕೂದಲೆಳೆಯಂಥ ಗೆರೆಗಳದ್ದೇ ಕೆಲಸ. ದುಸಾಧ್ ಸಮುದಾಯದ ಹೆಂಗಸರ ಗೋದ್ನಾ ಬಗೆಯಂತೂ ಮೈಮೇಲಿನ ಹಚ್ಚೆಯಿಂದ ಬಂದದ್ದು. ನನಗೆ ಜಾಸ್ತಿ ಇಷ್ಟವಾಗುವುದು ಅದೇ. ಎಲ್ಲಕ್ಕೂ ಸುಮ್ನೆ ಒಂದೇ ಹೆಸರು ಅಂಟಿಸಿದರೆ ಬರೆದವರ ಗುರುತೇ ಅಳಿಸಿಹೋಗುತ್ತದೆ.

ಮೇಳ ನಡೆಸುವವರು ಪ್ರತಿ ಚಿತ್ರದ ಹಿಂದೆ ಒಂದು ಚೀಟಿ ಅಂಟಿಸುವುದನ್ನು ಕಡ್ಡಾಯ ಮಾಡಲಿ. ಯಾವ ಬಗೆ, ಬರೆದವರು ಯಾರು, ಕೈಯಲ್ಲಿ ಬರೆದದ್ದೋ ಅಚ್ಚೋ ಎಂಬುದು ಅದರಲ್ಲಿರಲಿ. ಅಚ್ಚಿನ ಚಿತ್ರವನ್ನು ಅಚ್ಚಿನ ಬೆಲೆಗೇ ಮಾರಲಿ.

– ಒಬ್ಬ ಓದುಗ