ಕನ್ಸೋಲ್ ಆವೃತ್ತಿ ದೀಪಾವಳಿಗೆ ಹೋಯಿತು, ಬೇರೆಯಾಗಿ ಕೊಳ್ಳಬೇಕು

ನಮಸ್ಕಾರ.

ಸುತ್ತಿ ಬಳಸಿ ಹೇಳುವುದು ಬೇಡ. ಯುಗಾದಿಗೆ ಬರಬೇಕಿದ್ದ, ನಾವು ಮೂವರು ಸೇರಿ ಮಾಡಿದ ಕನ್ನಡ ಆಟದ ಕನ್ಸೋಲ್ ಆವೃತ್ತಿ ದೀಪಾವಳಿಗೆ ಹೋಗಿದೆ. ಮೊದಲು ಬರುವುದು ಪ್ಲೇಸ್ಟೇಷನ್ 5ಕ್ಕೆ (ಪಿಎಸ್5) ಮಾತ್ರ. ನಿಂಟೆಂಡೊ ಕಂಪನಿಯ ಸ್ವಿಚ್‌ನದು ಆಮೇಲೆ. ಬೆಲೆ 599 ರೂಪಾಯಿ. ಪಿಸಿಯಲ್ಲಿ ಈಗಾಗಲೇ ಕೊಂಡವರೂ ಇದನ್ನು ಬೇರೆಯಾಗಿಯೇ ಕೊಳ್ಳಬೇಕು.

ಕೊನೆಯ ಸಾಲು ಓದಿ ಕೆಲವರಿಗೆ ಸಿಟ್ಟು ಬಂದಿರುತ್ತದೆ. ನ್ಯಾಯವೇ. "ಒಮ್ಮೆ ಕೊಂಡರೆ ಎಲ್ಲ ಕಡೆ ನಿಮ್ಮದೇ" ಅಂತ ಹೋದ ವರ್ಷ ಬರೆದವರು ನಾವೇ. ಆಗ ನಮ್ಮ ತಲೆಯಲ್ಲಿ ಇದ್ದದ್ದು ವಿಂಡೋಸ್ ಮತ್ತು ಲಿನಕ್ಸ್. ಆದರೆ "ಎಲ್ಲ ಕಡೆ" ಅಂದರೆ ಓದಿದವರು ಎಲ್ಲ ಕಡೆ ಅಂತಲೇ ತಿಳಿಯುತ್ತಾರೆ, ಅಲ್ವಾ? ತಪ್ಪು ನಮ್ಮದು, ಕ್ಷಮಿಸಿ. ಅದನ್ನು ಹೇಗೆ ಸರಿ ಮಾಡುತ್ತೇವೆ ಅಂತ ಕೊನೆಯಲ್ಲಿ ಬರೆದಿದ್ದೇನೆ.

ಇನ್ನೊಂದು ಮಾತಿದೆ. ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

"ಚೌಕ ಚೌಕದ ಚಿತ್ರದ ಹಳೇ ಕಾಲದ ಆಟ ತಾನೇ? ಒಂದು ಬಟನ್ ಒತ್ತಿದರೆ ಕನ್ಸೋಲ್‌ಗೆ ಬರಲ್ವಾ? ಅದಕ್ಕೆ ಇಷ್ಟು ತಿಂಗಳು, ಮೇಲೆ ದುಡ್ಡು ಬೇರೆ!" ಇದು ಮೇಲ್‌ನಲ್ಲಿ ಬಂದಿದೆ, ಫೋನಿನಲ್ಲಿ ಬಂದಿದೆ. ನನ್ನ ಭಾವಮೈದುನ ಮದುವೆ ಊಟದ ಪಂಕ್ತಿಯಲ್ಲಿ, ಹತ್ತು ಜನರೆದುರು ಕೇಳಿದ. ಅಷ್ಟರಲ್ಲಿ ಹೋಳಿಗೆ ಬಂತು, ಉತ್ತರ ಉಳಿದುಹೋಯಿತು. ಈಗ ಕೊಡುತ್ತೇನೆ.

ಆಟ ಕಟ್ಟಿದ್ದು ಗೊಡೊ ಎಂಜಿನ್‌ನಲ್ಲಿ, ಅಂದರೆ ಆಟ ತಯಾರಿಸುವ ಒಂದು ಸಾಫ್ಟ್‌ವೇರ್‌ನಲ್ಲಿ. ಅದನ್ನು ಆರಿಸಿದ್ದಕ್ಕೆ ಕಾರಣ ಒಂದೇ, ಕನ್ನಡ. 2023ರ ಮಾರ್ಚ್‌ನಲ್ಲಿ ಬಂದ ಅದರ 4ನೇ ಆವೃತ್ತಿಯಲ್ಲಿ ಹಾರ್ಫ್‌ಬಜ್ ಸೇರಿಕೊಂಡಿದೆ. ಅಕ್ಷರಗಳನ್ನು ಕೂಡಿಸಿ ಒತ್ತು, ಗುಣಿತ ಸರಿಯಾಗಿ ಕೂರಿಸುವ ಕೆಲಸ ಅದರದ್ದು. ಅದಿಲ್ಲದ ಕಡೆ ನಾವು ಮೊದಲು ಪ್ರಯತ್ನ ಪಟ್ಟಾಗ "ರಾಷ್ಟ್ರ" ಅಂತ ಬರೆದರೆ ಷ, ಟ, ರ ಮೂರೂ ಜಗಳ ಆಡಿದವರ ಹಾಗೆ ದೂರ ದೂರ ನಿಂತವು.

ಗೊಡೊ ಬಿಟ್ಟಿ ಸಿಗುತ್ತದೆ, ಅದರ ಕೋಡ್ ಯಾರು ಬೇಕಾದರೂ ನೋಡಬಹುದು. ಕನ್ಸೋಲ್ ಲೋಕ ಇದಕ್ಕೆ ಪೂರ್ತಿ ಉಲ್ಟಾ. ಗುಟ್ಟು ಕಾಯುತ್ತೇವೆ ಅಂತ ಸಹಿ ಹಾಕಿದವರಿಗೆ ಮಾತ್ರ ಅಲ್ಲಿನ ಟೂಲ್ ಸಿಗುತ್ತದೆ. ಆ ಟೂಲ್ ಮುಟ್ಟಿದ ಕೋಡನ್ನು ಬಯಲಲ್ಲಿ ಇಡುವ ಹಾಗಿಲ್ಲ. ಹಾಗಾಗಿ ಗೊಡೊ ಡೌನ್‌ಲೋಡ್ ಮಾಡಿಕೊಂಡರೆ ವಿಂಡೋಸ್‌ಗೆ, ಲಿನಕ್ಸ್‌ಗೆ, ಆಂಡ್ರಾಯ್ಡ್‌ಗೆ ಎಕ್ಸ್‌ಪೋರ್ಟ್ ಆಗುತ್ತದೆ. ಪ್ಲೇಸ್ಟೇಷನ್, ಸ್ವಿಚ್‌ಗೆ ಆಗುವುದಿಲ್ಲ. ನೀವು ಕೇಳುತ್ತಿರುವ ಆ ಬಟನ್ ಇದೆಯಲ್ಲ, ಅದು ಅಲ್ಲಿ ಇಲ್ಲವೇ ಇಲ್ಲ. ಪೋರ್ಟಿಂಗ್ (ಆಟವನ್ನು ಇನ್ನೊಂದು ಯಂತ್ರಕ್ಕೆ ಹೊಂದಿಸುವ ಕೆಲಸ) ಮಾಡುವವರನ್ನು ಹುಡುಕಿ, ದುಡ್ಡು ಕೊಟ್ಟು ಮಾಡಿಸಬೇಕು.

ಬೇರೆ ಎಂಜಿನ್ ಆರಿಸಬಹುದಿತ್ತಲ್ಲ ಅನ್ನುತ್ತೀರಿ. ಆರಿಸಬಹುದಿತ್ತು, ಆದರೆ ನಾವು ಮೊದಲು ಪ್ರಯತ್ನ ಪಟ್ಟ ಕಡೆ ಕನ್ನಡ ಸರಿಯಾಗಿ ಕೂರಲಿಲ್ಲ.

ಇನ್ನು ಅಕ್ಷರದ ವಿಷಯ. ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ನಮ್ಮ ಕೆಲಸದಲ್ಲಿ ನಮಗೆ ಹೆಮ್ಮೆ ಇರುವುದು ಇಲ್ಲೇ. ಫ್ಯಾಮಿಕಾಮ್ (ಎಂಬತ್ತರ ದಶಕದ ನಿಂಟೆಂಡೊ ಕನ್ಸೋಲ್) ಕಾಲದಲ್ಲಿ ಒಂದು ಅಕ್ಷರಕ್ಕೆ 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಮನೆ ಸಾಕಿತ್ತು. ಕನ್ನಡ ಆ ಮನೆಯಲ್ಲಿ ಹಿಡಿಸುವುದಿಲ್ಲ. ಮೇಲೆ ಗುಣಿತಕ್ಕೆ ಜಾಗ ಬೇಕು, ಕೆಳಗೆ ಒತ್ತಿಗೆ ಬೇಕು. "ಸ್ತ್ರೀ" ಅಂತ ಬರೆದು ನೋಡಿ. ಒಂದು ಅಕ್ಷರದ ಕೆಳಗೆ ಎರಡು ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ನಾವು ಸಾಲಿಗೆ 20 ಚುಕ್ಕಿ ಇಟ್ಟೆವು. ಆಟದ ಪರದೆಯ ಎತ್ತರವೇ 180 ಚುಕ್ಕಿ. ಅದಕ್ಕೇ ಮಾತಿನ ಪೆಟ್ಟಿಗೆಯಲ್ಲಿ ಎರಡೇ ಸಾಲು ಬರುವುದು. ಪ ಮತ್ತು ಷ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಗೆರೆ. ಆ ಗೆರೆಗೆ ನಮ್ಮ ಹತ್ತಿರ ಇರುವುದು ಎರಡು ಚುಕ್ಕಿ. ಮಾನಿಟರ್ ಮುಂದೆ ಒಂದೂವರೆ ಅಡಿ ದೂರದಲ್ಲಿ ಕೂತರೆ ಅದು ಕಾಣುತ್ತದೆ. ಸೋಫಾದಲ್ಲಿ ಕೂತು ಹತ್ತು ಅಡಿ ಆಚೆಯ ಟಿವಿ ನೋಡಿದರೆ "ವಿಷ" ಹೋಗಿ "ವಿಪ" ಆಗುತ್ತದೆ. ಆಟದಲ್ಲಿ ವಿಷದ ಬಾಟಲಿ ಎಷ್ಟು ಮುಖ್ಯ ಅಂತ ಆಡಿದವರಿಗೆ ಗೊತ್ತು. ಹೀಗೆ ಅಕ್ಷರಮಾಲೆಯಲ್ಲಿ ಗೊಂದಲ ಆಗುವುದನ್ನೆಲ್ಲ ಟಿವಿಗಾಗಿ ಮತ್ತೆ ಬರೆದೆವು, ಚುಕ್ಕಿ ಚುಕ್ಕಿಯಾಗಿ.

(ಸ್ಟೀಮ್ ಡೆಕ್, ಅಂದರೆ ಕೈಯಲ್ಲಿ ಹಿಡಿದು ಆಡುವ ಪಿಸಿ ಇರುವವರಿಗೆ ಒಂದು ಮಾತು. ನಮ್ಮ 320×180 ಚಿತ್ರ ಆರು ಪಟ್ಟು ಹಿಗ್ಗಿದರೆ ಸರಿಯಾಗಿ 1920×1080, ನಾಲ್ಕು ಪಟ್ಟಾದರೆ 1280×720. ಡೆಕ್‌ನ ಪರದೆ 1280×800. ಮೇಲೆ ಕೆಳಗೆ 40 ಚುಕ್ಕಿಗಳ ಕಪ್ಪು ಪಟ್ಟಿ ಉಳಿಯುತ್ತದೆ. ಅದು ಬಗ್ ಅಲ್ಲ. ಹಿಗ್ಗಿಸಿ ತುಂಬಿಸಿದರೆ ಒತ್ತಕ್ಷರ ಕಲಸಿಹೋಗುತ್ತದೆ.)

ಆಮೇಲೆ ಹೆಸರು. ಆಟದ ಶುರುವಿನಲ್ಲಿ ನಾಯಕನಿಗೆ ಹೆಸರಿಡಬೇಕಲ್ಲ, ಕನ್ಸೋಲ್‌ನ ಕೀಬೋರ್ಡಿನಲ್ಲಿ ಕನ್ನಡ ಇಲ್ಲ. ನಾವೇ ಒಂದು ಅಕ್ಷರಮನೆ ಮಾಡಿದೆವು. ಕ ಖ ಗ ಘ ಙ ಸಾಲಾಗಿ, ಒಂದನೇ ಕ್ಲಾಸಿನ ಗೋಡೆಯ ಪಟದ ಹಾಗೆ. "ಕೃಷ್ಣ" ಅನ್ನಲು ಐದು ಸಲ ಒತ್ತಬೇಕು, "ಲಕ್ಷ್ಮಿ"ಗೆ ಏಳು. ಹಳೇ ಆಟಗಳಲ್ಲಿ ಹೆಸರು ಹಾಕುತ್ತಿದ್ದದ್ದೂ ಹೀಗೆಯೇ. ಇದನ್ನು ಮಾಡುವಾಗಲೇ ನಮ್ಮ ಒಂದು ಹಳೇ ಹುಳುಕು ಕಣ್ಣಿಗೆ ಬಿತ್ತು. ಪಿಸಿಯಲ್ಲಿ ಹೆಸರಿಗೆ ಎಂಟು ಅಕ್ಷರ ಅಂತ ಮಿತಿ ಇಟ್ಟಿದ್ದೆವು. ಆದರೆ ಕೋಡ್ ಎಣಿಸುತ್ತಿದ್ದದ್ದು ಅಕ್ಷರವನ್ನಲ್ಲ. ವ ಒಂದು, ಅದರ ಗುಡಿಸು ಇನ್ನೊಂದು, ಹಲಂತ ಮತ್ತೊಂದು. ಒಬ್ಬರು ನಾಯಕನಿಗೆ "ವಿಶ್ವೇಶ್ವರಯ್ಯ" ಅಂತ ಹೆಸರಿಟ್ಟಿದ್ದರು. ಆಟ ಅವರನ್ನು ಕೊನೆಯವರೆಗೂ "ವಿಶ್ವೇಶ್" ಅಂತಲೇ ಕರೆಯಿತು. ಪಾಪ, ಅವರು ದೂರೂ ಕೊಡಲಿಲ್ಲ. ಸುಮ್ನೆ ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಕಣ್ಣಿಗೆ ಕಾಣುವ ಹಾಗೆ ಎಣಿಸಿದರೆ ಅದು ಐದೇ ಅಕ್ಷರ. ಈಗ ಹಾಗೆಯೇ ಎಣಿಸುತ್ತೇವೆ. ಮುಂದಿನ ಅಪ್‌ಡೇಟ್‌ನಲ್ಲಿ ಪಿಸಿಗೂ ಬರುತ್ತದೆ, ಬಿಟ್ಟಿಯಾಗಿ.

ಇಷ್ಟೆಲ್ಲ ಮಾಡಿ ಕನ್ಸೋಲ್ ಕಂಪನಿಯವರ ತಪಾಸಣೆಗೆ ಕಳಿಸಿದರೆ ಎರಡು ಸಲ ವಾಪಸ್ ಬಂತು. ಒಪ್ಪಂದ ಇರುವುದರಿಂದ ಅವರು ಬರೆದದ್ದನ್ನು ಇಲ್ಲಿ ಹಾಕುವ ಹಾಗಿಲ್ಲ. ನಮ್ಮ ತಪ್ಪನ್ನು ನಾವು ಹೇಳಿಕೊಳ್ಳಬಹುದು. ಕಂಟ್ರೋಲರ್‌ನ ಚಾರ್ಜ್ ಮುಗಿದು ಸಂಪರ್ಕ ತಪ್ಪಿದರೆ ಆಟ ನಿಲ್ಲಬೇಕು. ನಮ್ಮ ಆಟ ಗೌಡರ ಕತೆ ಬರುವ ದೃಶ್ಯದಲ್ಲಿ ಮಾತ್ರ ನಿಲ್ಲದೆ ಓಡುತ್ತಿತ್ತು. ಇನ್ನೊಂದು, ಅರಳಿಕಟ್ಟೆ ಪಕ್ಕದ ಬೋರ್ಡಿನಲ್ಲಿ "ಮುಂದೆ ಹೋಗಲು ಎಂಟರ್ ಒತ್ತಿ" ಅಂತ ಉಳಿದುಬಿಟ್ಟಿತ್ತು. ಕಂಟ್ರೋಲರ್‌ನಲ್ಲಿ ಎಲ್ಲಿಯ ಎಂಟರ್? ಮೂವರೂ ನೂರಾರು ಸಲ ಆ ಬೋರ್ಡ್ ದಾಟಿ ಹೋಗಿದ್ದೇವೆ, ಒಬ್ಬರಿಗೂ ಕಾಣಲಿಲ್ಲ. ತಿದ್ದಲು ಒಂದು ದಿನವೂ ಬೇಡ. ಮತ್ತೆ ಸರದಿಯಲ್ಲಿ ನಿಂತು ಕಾಯಬೇಕಲ್ಲ, ಯುಗಾದಿ ಹೋದದ್ದು ಅಲ್ಲಿ.

ಈಗ ದುಡ್ಡು. 599 ರೂಪಾಯಿಯೊಳಗೇ ಸೇರಿರುವ 18% ಜಿಎಸ್‌ಟಿ, ಅಂದರೆ 91 ರೂಪಾಯಿ ಮೊದಲೇ ಹೋಗುತ್ತದೆ. ಉಳಿದ 508ರಲ್ಲಿ ಆನ್‌ಲೈನ್ ಅಂಗಡಿಯ ಪಾಲು 30% ಅಂತ ಹಿಡಿಯಿರಿ, 152. ಉಳಿಯುವುದು 355 ಚಿಲ್ಲರೆ. ಪೋರ್ಟಿಂಗ್ ಮಾಡಿದವರ ಬಾಕಿ ತೀರುವವರೆಗೆ ಅದರಲ್ಲಿ ಅರ್ಧ ಅವರಿಗೆ. ನಮಗೆ ಬರುವ 177 ರೂಪಾಯಿಯನ್ನು ಮೂವರು ಹಂಚಿಕೊಂಡರೆ ತಲೆಗೆ 60 ಕೂಡ ಆಗುವುದಿಲ್ಲ. ಸರಸ್ವತಿಪುರಂನ ಎರಡು ಕೋಣೆಯ ಬಾಡಿಗೆ, ಕರೆಂಟು ಎಲ್ಲ ಅದರಲ್ಲೇ. "ಒಂದೇ ಆಟಕ್ಕೆ ಎರಡು ಸಲ ಕಿತ್ತುಕೊಳ್ಳುತ್ತಿದ್ದಾರೆ" ಅಂತ ಒಬ್ಬರು ಬರೆದರು. ಓದಿ ಬೇಜಾರಾಯಿತು. ಲೆಕ್ಕ ಇದು, ನೀವೇ ನೋಡಿ.

ಸ್ವಿಚ್ ಯಾಕೆ ಹಿಂದೆ ಬಿತ್ತು ಅಂದರೆ, ಒಂದು ಸಲಕ್ಕೆ ಒಂದೇ ಪೋರ್ಟಿಗೆ ಕೈಯಲ್ಲಿ ದುಡ್ಡಿರುವುದು. ಪಿಎಸ್5 ನಮ್ಮ ದೇಶದಲ್ಲಿ 2021ರ ಫೆಬ್ರವರಿಯಿಂದ ಅಂಗಡಿಯಲ್ಲಿ ಸಿಗುತ್ತಿದೆ, ಅದರ ಆನ್‌ಲೈನ್ ಅಂಗಡಿಯಲ್ಲಿ ಬೆಲೆಯೂ ರೂಪಾಯಿಯಲ್ಲಿದೆ. ಸ್ವಿಚ್ ಅನ್ನು ಕಂಪನಿ ಇಲ್ಲಿ ನೇರವಾಗಿ ಮಾರುವುದಿಲ್ಲ. ನಿಮ್ಮಲ್ಲಿ ಹೆಚ್ಚಿನವರದು ದುಬೈಯಿಂದ ಮಾವನೋ ಚಿಕ್ಕಪ್ಪನೋ ತಂದುಕೊಟ್ಟದ್ದು. ಹೊರದೇಶದಲ್ಲಿರುವ ಕನ್ನಡದವರು ಕಾಯುತ್ತಿರುವುದು ಸ್ವಿಚ್‌ಗೇ ಅಂತ ಗೊತ್ತು. ಬಿಡುವುದಿಲ್ಲ, ಮಾಡುತ್ತೇವೆ. ಕ್ಯಾಸೆಟ್ ರೂಪದಲ್ಲಿ ಡಬ್ಬಿ ಸಮೇತ ಬೇಕು ಅಂದವರಿಗೆ ಮಾತ್ರ ಇಲ್ಲ ಅನ್ನಬೇಕಾಗಿದೆ. ನಮ್ಮಿಂದ ಆಗದು.

ಪಿಸಿಯ ಸೇವ್ ಫೈಲ್ (ಎಲ್ಲಿಯವರೆಗೆ ಆಡಿದ್ದೀರಿ ಅನ್ನುವ ದಾಖಲೆ) ಕನ್ಸೋಲ್‌ಗೆ ಬರುವುದಿಲ್ಲ. ತರಿಸಬೇಕಾದರೆ ನಮ್ಮದೇ ಸರ್ವರ್ ಬೇಕು, ನಿಮ್ಮಿಂದ ಅಕೌಂಟ್ ಮಾಡಿಸಬೇಕು. ಅದು ನಮಗೆ ಇಷ್ಟವಿಲ್ಲ. ಬದಲಿಗೆ ಹಳೇ ಉಪಾಯ ಒಂದನ್ನು ಹಿಡಿದಿದ್ದೇವೆ. 1986ರಲ್ಲಿ ಜಪಾನಿನಲ್ಲಿ ಬಂದ ಮೊದಲ ಡ್ರ್ಯಾಗನ್ ಕ್ವೆಸ್ಟ್ ಆಟದಲ್ಲಿ ಸೇವ್ ಇರಲಿಲ್ಲ. ರಾಜ 20 ಅಕ್ಷರದ ಮಂತ್ರ ಹೇಳುತ್ತಿದ್ದ, ಆಡುವವರು ಕಾಗದದಲ್ಲಿ ಬರೆದುಕೊಳ್ಳಬೇಕಿತ್ತು. ಪಿಸಿಯ ಮುಂದಿನ ಅಪ್‌ಡೇಟ್ ಬಂದಮೇಲೆ ಅರಳಿಕಟ್ಟೆಯ ಅಜ್ಜಿಯನ್ನು ಮಾತಾಡಿಸಿ. 16 ಕನ್ನಡ ಅಕ್ಷರ ಹೇಳುತ್ತಾಳೆ. ಅದನ್ನು ಕನ್ಸೋಲ್‌ನಲ್ಲಿ ಹಾಕಿದರೆ ನಿಮ್ಮ ಲೆವೆಲ್, ಕತೆಯ ಘಟ್ಟ ಎರಡೂ ಬರುತ್ತವೆ. ಚೀಲದ ಸಾಮಾನು ಬರುವುದಿಲ್ಲ. ಅಷ್ಟು ಉದ್ದದ ಮಂತ್ರ ಅಜ್ಜಿಗೆ ನೆನಪಿರಲ್ಲ.

ಇನ್ನು ನಾವು ಕೊಟ್ಟ ಮಾತು. "ಎಲ್ಲ ಕಡೆ ನಿಮ್ಮದೇ" ಅನ್ನುವ ಸಾಲನ್ನು ನಂಬಿ ಪಿಸಿ ಆವೃತ್ತಿ ಕೊಂಡವರು, ಕೊಂಡ ರಸೀದಿ ಹಾಕಿ ಮೇಲ್ ಮಾಡಿ. ಪಿಎಸ್5 ಆವೃತ್ತಿಯನ್ನು ದುಡ್ಡಿಲ್ಲದೆ ಪಡೆಯುವ ಕೋಡ್ ಕಳಿಸುತ್ತೇವೆ. ಕೋಡ್ ಬೇಡ ಅಂದರೆ ಕೊಟ್ಟ ದುಡ್ಡು ವಾಪಸ್, ಕಾರಣ ಕೇಳುವುದಿಲ್ಲ. ನಾವು ಆ ಸಾಲು ಬರೆಯುವ ಮೊದಲೇ ಕೊಂಡವರಿಗೆ ಇದು ಅನ್ವಯಿಸುವುದಿಲ್ಲ, ಆದರೆ ಮೊದಲ ವಾರ ಎಲ್ಲರಿಗೂ 449ಕ್ಕೆ ಸಿಗುತ್ತದೆ. ಮೇಲ್‌ನ ವಿಷಯದ ಜಾಗದಲ್ಲಿ "ಎಲ್ಲ ಕಡೆ" ಅಂತ ಬರೆಯಿರಿ, ಹುಡುಕಲು ಸುಲಭ. ಓದುವುದೂ ಉತ್ತರ ಕೊಡುವುದೂ ನಾನೇ. ಹಗಲು ಆಗದಿದ್ದರೆ ರಾತ್ರಿ ಕೊಡುತ್ತೇನೆ.

ಇಂತಿ ನಿಮ್ಮ,
ಮೂವರ ಪರವಾಗಿ, ಕತೆ ಬರೆಯುವವನು

ತಾ.ಕ.: ಭಾವಮೈದುನಾ, ನಿನಗೂ 599.