ಅಪ್ಪ ಹೋದ ಮೇಲೆ ಒಂದು ಮನೆ

ಪ್ರಿಯ ಗೆಳೆಯ,

ಅಪ್ಪಾಜಿ ಹೋಗಿ ವರ್ಷ ತುಂಬುವ ಮೊದಲೇ ಮನೆಯಲ್ಲಿ ಪಾಲಿನ ಮಾತು ಎದ್ದಿದೆ ಅಂತ ಬರೆದಿದ್ದೀಯ. ಬುದ್ಧಿ ಹೇಳುವಷ್ಟು ದೊಡ್ಡವನು ನಾನಲ್ಲ ಬಿಡು. ನಾನಿರುವ ಅಮೆರಿಕದ ಈ ವರ್ಜೀನಿಯಾದಲ್ಲೇ ನಡೆದ ಒಂದು ಹಳೇ ಪಾಲಿನ ಕಥೆ ಬರೆಯುತ್ತೇನೆ, ಓದು.

1743ರ ಏಪ್ರಿಲ್. ಇದು ಇನ್ನೂ ಬ್ರಿಟಿಷರ ವಸಾಹತು. ರಪ್ಪಹ್ಯಾನಕ್ ನದಿ ದಡದ ಫೆರ್ರಿ ಫಾರ್ಮ್‌ನಲ್ಲಿ ಅಗಸ್ಟೀನ್ ವಾಷಿಂಗ್ಟನ್ ತೀರಿಕೊಂಡ. ಹಿರಿ ಹೆಂಡತಿಯ ಮಕ್ಕಳಾದ ಲಾರೆನ್ಸ್ ಮತ್ತು ಅಗಸ್ಟೀನ್ ಆಗಲೇ ಬೆಳೆದು ನಿಂತವರು, ಇಂಗ್ಲೆಂಡಿನಲ್ಲಿ ಓದಿ ಬಂದವರು. ಒಳ್ಳೊಳ್ಳೆ ಜಮೀನು ಅವರ ಪಾಲಿಗೆ ಹೋಯಿತು. ಲಾರೆನ್ಸ್‌ಗೆ ಸಿಕ್ಕಿದ್ದೇ ಮುಂದೆ ಮೌಂಟ್ ವರ್ನನ್ ಅನ್ನುವ ಹೆಸರಾಂತ ಎಸ್ಟೇಟ್ ಆದ ಜಾಗ. ಕಿರಿ ಹೆಂಡತಿ ಮೇರಿಯ ಹಿರಿಮಗ ಜಾರ್ಜ್‌ಗೆ ಆಗ 11 ವರ್ಷ. ಫೆರ್ರಿ ಫಾರ್ಮ್ ಮತ್ತು ಹತ್ತು ಜನ ಗುಲಾಮರು ಅವನ ಪಾಲಿಗೆ ಬಂದರು. ಹೌದು, ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದ ಅದೇ ಜಾರ್ಜ್ ವಾಷಿಂಗ್ಟನ್. ಅಣ್ಣಂದಿರ ಹಾಗೆ ಇಂಗ್ಲೆಂಡಿಗೆ ಹೋಗಿ ಓದುವ ಯೋಗ ಅವನಿಗೆ ಬರಲೇ ಇಲ್ಲ.

ನನಗೆ ಜಾಸ್ತಿ ಕಾಡುವುದು ಮೇರಿ. ವಯಸ್ಸು 35ರ ಆಸುಪಾಸು, ಮಡಿಲಲ್ಲಿ ಐದು ಮಕ್ಕಳು. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡವಳು ಬೇರೆ. ಆ ಕಾಲದ ವರ್ಜೀನಿಯಾದಲ್ಲಿ ವಿಧವೆಯರು ಬೇಗ ಮರುಮದುವೆಯಾಗುತ್ತಿದ್ದರು. ಆದರೆ ಮದುವೆಯಾದರೆ ಆಸ್ತಿಯ ಲಗಾಮು ಹೊಸ ಗಂಡನ ಕೈಗೆ ಹೋಗುತ್ತಿತ್ತು. ಮೇರಿ ಮದುವೆಯಾಗಲಿಲ್ಲ. 1772ರವರೆಗೂ ಅದೇ ಜಾಗದಲ್ಲಿ ನಿಂತು ಬೇಸಾಯ ಮಾಡಿಸಿದಳು. ಎಷ್ಟೋ ಚರಿತ್ರೆಕಾರರು ಅವಳನ್ನು ಗಯ್ಯಾಳಿ, ದುಡ್ಡಿಗೆ ಬಾಯಿ ಬಿಡುವವಳು ಅಂತ ಬರೆದಿದ್ದಾರೆ. ಐದು ಮಕ್ಕಳನ್ನು ದಡ ಸೇರಿಸಿದವಳು ನಯವಾಗಿಯೂ ಇರಬೇಕಿತ್ತಂತೆ!

ಆ ಮನೆಯ ಅಡಿಪಾಯ ಸಿಕ್ಕಿದೆ ಅಂತ 2008ರಲ್ಲಿ ಅಗೆತದವರು ಪ್ರಕಟಿಸಿದರು. ಮಣ್ಣಿನಡಿ ಸಿಕ್ಕ ಒಂದು ಬೋಗುಣಿ ಇದೆ, ಅತಿಥಿಗಳಿಗೆ ಪಾನಕದಂಥ ಮದ್ಯ ಬೆರೆಸಿ ಕೊಡಲು ಇಡುವಂಥದ್ದು. ಮೇಲೆ ಚೆರ್ರಿ ಹಣ್ಣಿನ ಚಿತ್ರ. ಒಡೆದದ್ದನ್ನು ಆ ಮನೆಯವರೇ ಅಂಟು ಹಾಕಿ ಜೋಡಿಸಿದ್ದರು. ಅಂಟು ಹಾಕಿದ ಬೋಗುಣಿಯಲ್ಲಿ ಬಿಸಿ ಪದಾರ್ಥ ನಿಲ್ಲುವುದು ಕಷ್ಟ, ನೋಡುವವರ ಕಣ್ಣಿಗೆ ಕಪಾಟಿನಲ್ಲಿ ಇದ್ದರೆ ಸಾಕು ಅಲ್ವಾ? ಅದೇ ಮಣ್ಣಿನಲ್ಲಿ ವಿಗ್‌ನ ಕೂದಲು ಸುತ್ತಿ ಗುಂಗುರು ಮಾಡುವ ಸುಟ್ಟ ಮಣ್ಣಿನ ತುಂಡುಗಳೂ ರಾಶಿ ಸಿಕ್ಕಿವೆ. ಕೈ ಬಿಗಿಯಾಗಿದ್ದರೂ ಗಂಡುಮಕ್ಕಳು ನಾಲ್ಕು ಜನರ ಮುಂದೆ ಸಾಹುಕಾರರ ಮಕ್ಕಳ ಹಾಗೇ ಕಾಣಬೇಕು. (ಶಾಲೆಯಲ್ಲಿ ಓದಿದ, ಪುಟ್ಟ ಜಾರ್ಜ್ ಚೆರ್ರಿ ಮರ ಕಡಿದ ಆ ಕಥೆ ಕಟ್ಟುಕಥೆ ಕಣೋ. ಬೋಗುಣಿ ಮಾತ್ರ ನಿಜ.)

ಜಾರ್ಜ್‌ಗೆ 14 ಆದಾಗ ಅವನನ್ನು ನೌಕಾಪಡೆಗೆ ಸೇರಿಸೋಣ ಅಂತ ಲಾರೆನ್ಸ್ ಓಡಾಡಿದ. ಮೇರಿ ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿದ್ದ ಅವಳ ಅಣ್ಣ ಜೋಸೆಫ್ ಬಾಲ್ 1747ರಲ್ಲಿ ಉತ್ತರ ಬರೆದ: ಹಡಗಿಗೆ ಕಳಿಸುವುದಕ್ಕಿಂತ ಪಾತ್ರೆ ರಿಪೇರಿಯವನ ಹತ್ತಿರ ಬಿಡುವುದು ಮೇಲು, ಹಡಗಿನಲ್ಲಿ ಹುಡುಗನನ್ನು ಕರಿಯರ ಹಾಗೆ, ಅಲ್ಲ, ನಾಯಿಯ ಹಾಗೆ ನಡೆಸಿಕೊಳ್ಳುತ್ತಾರೆ ಅಂತ. ಜಾರ್ಜ್ ಹಡಗು ಹತ್ತಲಿಲ್ಲ. ಸರ್ವೇ ಕೆಲಸ ಕಲಿತ. 1749ರಲ್ಲಿ, 17ನೇ ವಯಸ್ಸಿಗೇ, ಕಲ್ಪೆಪರ್ ಕೌಂಟಿಯ ಸರ್ವೇಯರ್ ಆದ. ಮರುವರ್ಷ ದುಡಿದ ದುಡ್ಡಿನಲ್ಲಿ ಬುಲ್‌ಸ್ಕಿನ್ ತೊರೆಯ ಹತ್ತಿರ 1,459 ಎಕರೆ ಕೊಂಡ. ಅಪ್ಪನ ಉಯಿಲಿನಲ್ಲಿ ಕಡಿಮೆ ಬಿದ್ದದ್ದನ್ನು ತಾನೇ ತುಂಬಿಕೊಂಡ ಅನ್ನು.

ಆದರೆ ಮಾವನ ಆ ಪತ್ರ ಓದಿದಾಗ ನನಗೆ ಮುಳ್ಳು ಚುಚ್ಚಿದ ಹಾಗಾಯಿತು. ಹುಡುಗನಿಗೆ ಯಾವ ಬಾಳು ಬರಬಾರದು ಅಂತ ಆ ಮನೆಯವರು ಹೆದರಿದರೋ, ಅದೇ ಬಾಳನ್ನು ಅವರದೇ ಹೊಲದಲ್ಲಿ ಹತ್ತು ಜನ ಆಗಲೇ ಬಾಳುತ್ತಿದ್ದರು. ಯಜಮಾನ ಸತ್ತರೆ ಗುಲಾಮರ ಹೆಸರುಗಳನ್ನು ದನ, ಮಂಚ, ಪಾತ್ರೆಗಳ ಜೊತೆ ಪಟ್ಟಿ ಮಾಡಿ ಬೆಲೆ ಕಟ್ಟುವುದು ಅಲ್ಲಿಯ ರೂಢಿ. ಆಮೇಲೆ ಇವರು ಇವನಿಗೆ, ಅವರು ಅವನಿಗೆ. ಗಂಡ ಒಬ್ಬನ ಪಾಲಿಗೆ, ಹೆಂಡತಿ ಮಕ್ಕಳು ಇನ್ನೊಬ್ಬನ ಪಾಲಿಗೆ ಹೋದರೆ ಕೇಳುವವರಿಲ್ಲ. ಅಪ್ಪ ಸತ್ತದ್ದು ವಾಷಿಂಗ್ಟನ್ ಮಕ್ಕಳಿಗೆ. ಮನೆ ಒಡೆಯುವ ಭಯ ಮಾತ್ರ ಗುಲಾಮರ ಗುಡಿಸಲುಗಳಲ್ಲೂ ಇತ್ತು. ಇದನ್ನು ಬಿಟ್ಟು ಮೇರಿಯ ಕಷ್ಟವನ್ನಷ್ಟೇ ಹೇಳಲು ನನಗೆ ಮನಸ್ಸು ಬರಲ್ಲ.

1799ರಲ್ಲಿ ಜಾರ್ಜ್ ಸತ್ತಾಗ ಅವನ ಉಯಿಲಿನಲ್ಲಿ ತನ್ನ ಗುಲಾಮರಿಗೆ ಬಿಡುಗಡೆ ಬರೆದಿದ್ದ. ಆದರೆ ಹೆಂಡತಿ ಮಾರ್ಥಾಳ ಮೊದಲ ಗಂಡನ ಕಡೆಯಿಂದ ಬಂದವರನ್ನು ಬಿಡುವ ಹಕ್ಕು ಅವನಿಗಿರಲಿಲ್ಲ. ಅಷ್ಟು ಹೊತ್ತಿಗೆ ಎರಡೂ ಕಡೆಯವರು ಪರಸ್ಪರ ಮದುವೆಯಾಗಿ ಸಂಸಾರ ಹೂಡಿದ್ದರು. ಮತ್ತೆ ಒಂದೇ ಮನೆಯಲ್ಲಿ ಕೆಲವರಿಗೆ ಬಿಡುಗಡೆ, ಕೆಲವರು ಮಾರ್ಥಾಳ ಮೊಮ್ಮಕ್ಕಳ ಪಾಲಿಗೆ.

ಪತ್ರ ಉದ್ದವಾಯಿತು. ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಪಾಲುಪಟ್ಟಿಗೆ ಸಹಿ ಹಾಕುವ ಮೊದಲು ಅವರನ್ನೂ ಕೂರಿಸಿಕೊಂಡು ಒಂದು ಮಾತು ಕೇಳು, ಆಮೇಲೆ ನನಗೆ ಫೋನ್ ಮಾಡು.

ಇಂತಿ ನಿನ್ನ ಗೆಳೆಯ