ಒಂದೇ ಹೆಂಚಿನ ಮನೆಯ ಊರಿನಿಂದ

ಪ್ರೀತಿಯ ಪುಟ್ಟಿ,

ದಿನಾ ಫೋನಿನಲ್ಲಿ ಮಾತಾಡುತ್ತೇವೆ, ಆದರೂ ಇದನ್ನು ಬರೆದೇ ಹೇಳಬೇಕು ಅನ್ನಿಸಿತು. ಇಲ್ಲಿ ಈಗ ಬೆಳಗಿನ ಆರೂವರೆ, ಹೊರಗೆ ಇನ್ನೂ ಕತ್ತಲೆ. ನನ್ನ ಹಾಸ್ಟೆಲಿನ ಗೆಳತಿಯರು ಮೂವರೂ ಹೊದ್ದು ಮಲಗಿದ್ದಾರೆ. ನಾನು ಅಡುಗೆಕೋಣೆಯಲ್ಲಿ ಕೂತಿದ್ದೇನೆ. ಈ ಕೋಣೆಗೆ ಮೂರೇ ಗೋಡೆ. ನಾಲ್ಕನೆಯದು ಬಂಡೆ. ಕೆತ್ತಿಲ್ಲ, ಸುಣ್ಣ ಹಚ್ಚಿಲ್ಲ, ಗುಡ್ಡದಲ್ಲಿ ಹೇಗಿತ್ತೋ ಹಾಗೇ ಇದೆ. ಬೆನ್ನು ಒರಗಿಸಿದರೆ ತಣ್ಣಗೆ ಹತ್ತುತ್ತದೆ.

ಹೊರಡುವ ಮೊದಲು ನೀನು ಕೇಳಿದ್ದೆ, "ಅಷ್ಟು ದೂರ ಹೋಗಿ ನಾಲ್ಕು ದಿನ ಒಂದೇ ಹಳ್ಳೀಲಿ ಏನು ಮಾಡ್ತೀರಮ್ಮಾ?" ಅಂತ. ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಪೋರ್ಚುಗಲ್‌ನ ಲಿಸ್ಬನ್‌ನಿಂದ ಕಾಸ್ತೆಲೊ ಬ್ರಾಂಕೊಗೆ ರೈಲಿನಲ್ಲಿ ಸುಮಾರು ಮೂರು ಗಂಟೆ. ಬಹಳ ದೂರದವರೆಗೆ ತೇಜೊ ನದಿ ಕಿಟಕಿಯ ಪಕ್ಕದಲ್ಲೇ ಬರುತ್ತದೆ. ಆಮೇಲೆ ಟ್ಯಾಕ್ಸಿಯಲ್ಲಿ 50 ಕಿಲೋಮೀಟರ್ ಆಸುಪಾಸು. ಬಯಲು, ಆಲಿವ್ ಮರ, ಮತ್ತೆ ಬಯಲು. ಇದ್ದಕ್ಕಿದ್ದಂತೆ ಒಂದು ಗುಡ್ಡ ಎದ್ದು ನಿಲ್ಲುತ್ತದೆ. ಮೇಲೆಲ್ಲ ಬಂಡೆ. ಹತ್ತಿರ ಹೋದ ಮೇಲೇ ಗೊತ್ತಾಗುವುದು, ಆ ಬಂಡೆಗಳ ನಡುವೆ ಮನೆಗಳಿವೆ ಅಂತ. ಅದೇ ಮೊನ್ಸಾಂತೊ. ಸಮುದ್ರಮಟ್ಟದಿಂದ 758 ಮೀಟರ್ ಎತ್ತರ, ಆಚೆ ಸ್ವಲ್ಪ ದೂರಕ್ಕೆ ಸ್ಪೇನ್ ಗಡಿ.

ಇಲ್ಲಿನ ಜನ ಬಂಡೆಯನ್ನು ಒಡೆಯಲಿಕ್ಕೆ ಹೋಗಿಲ್ಲ. ಎರಡು ಬಂಡೆ ಎದುರುಬದುರು ಇದ್ದರೆ ನಡುವೆ ಬಾಗಿಲು ಇಟ್ಟಿದ್ದಾರೆ. ಒಂದು ಬಂಡೆ ಮುಂದಕ್ಕೆ ಚಾಚಿದ್ದರೆ ಅದರ ಕೆಳಗೇ ಒಲೆ ಹೂಡಿದ್ದಾರೆ. ಒಂದು ಮನೆಯ ಮೇಲಂತೂ ಪೂರ್ತಿ ಒಂದೇ ಬಂಡೆ ಕೂತಿದೆ. ಊರವರು ಅದನ್ನು ಒಂದೇ ಹೆಂಚಿನ ಮನೆ ಅನ್ನುತ್ತಾರೆ. ಎಷ್ಟು ಚಂದದ ಹೆಸರು ಅಲ್ವಾ! ಹಿಂದೆ ಹಂದಿ ಕಟ್ಟುತ್ತಿದ್ದ ಗೂಡುಗಳಿಗೂ ಬಂಡೆಯದ್ದೇ ಸೂರು. ನನಗೆ ಕಾರ್ಕಳ ನೆನಪಾಯಿತು. ಚಿಕ್ಕವಳಿದ್ದಾಗ ಗೊಮ್ಮಟಬೆಟ್ಟದಲ್ಲಿ ಬಿಸಿಲಿಗೆ ಕಾದ ಕಲ್ಲಿನ ಮೇಲೆ ನೀನು ಬರಿಗಾಲಲ್ಲಿ ಕುಣಿದದ್ದು ನೆನಪಿದೆಯಾ?

1938ರಲ್ಲಿ ಇಲ್ಲಿನ ಆಗಿನ ಸರ್ವಾಧಿಕಾರಿ ಸಲಜಾರ್ ಸರ್ಕಾರದ ಪ್ರಚಾರ ಇಲಾಖೆ ಒಂದು ಸ್ಪರ್ಧೆ ನಡೆಸಿತು, ಪೋರ್ಚುಗಲ್‌ನ ಅಪ್ಪಟ ಪೋರ್ಚುಗೀಸ್ ಹಳ್ಳಿ ಯಾವುದು ಅಂತ. ಗೆದ್ದದ್ದು ಈ ಊರು. ಬಹುಮಾನ ಒಂದು ಬೆಳ್ಳಿಯ ಹುಂಜ. ಅದೇ ತರಹದ ಇನ್ನೊಂದು ಹುಂಜ ಗಡಿಯಾರದ ಗೋಪುರದ ತುದಿಯಲ್ಲಿದೆ. ಆಳುವವರು ತಮ್ಮ ಹೆಸರಿಗೆ ಮಾಡಿದ ಸ್ಪರ್ಧೆ ಅದು, ನನಗೇನೂ ಅದರ ಮೇಲೆ ಗೌರವ ಇಲ್ಲ. ಆದರೆ ಕಲ್ಲಿನ ಮನೆಗಳು ಹಾಗೇ ಉಳಿದದ್ದು ಖುಷಿ.

ಬಂದ ದಿನ ಮನೆಯೊಡತಿ ಬಾಗಿಲಲ್ಲಿ ನಿಂತು ಏನೋ ಹೇಳಿ ಕೈ ಚಾಚಿದಳು. "ಶಾವ್, ಶಾವ್." ನಮಗೆ ಅರ್ಥವಾಗಲಿಲ್ಲ. ಅಂಗೈ ನೋಡಿದರೆ ಚಾವಿ! ಮೊದಲು ಅವರೂ 'ಚ' ಅಂತಲೇ ಹೇಳುತ್ತಿದ್ದರಂತೆ, ಕಾಲಕ್ರಮೇಣ 'ಶ' ಆಗಿದೆ. ಪೋರ್ಚುಗೀಸರ ಜೊತೆ ನಮ್ಮ ಕರಾವಳಿಗೆ ಬಂದದ್ದು ಆ ಹಳೆಯ ಮಾತು, ನಮ್ಮ ಬಾಯಲ್ಲಿ ಹಾಗೇ ಉಳಿದಿದೆ. ಆಮೇಲೆ ನಾಲ್ವರಿಗೂ ಅದೇ ಹುಚ್ಚು ಹಿಡಿಯಿತು. ಬಟಾಟೆಗೆ ಅವರೂ ಬಟಾಟ ಅನ್ನುತ್ತಾರೆ. ಅನಾನಸ್‌ಗೆ ಅನಾನಸ್, ಬಾಲ್ದಿಗೆ ಬಾಲ್ದ್. ನಮ್ಮ ಪಕ್ಕದ ಮನೆಯ ಕೊಂಕಣಿಯವರು ಕಿಟಕಿಗೆ ಜನೆಲ್ ಅನ್ನುತ್ತಾರಲ್ಲ, ಅದೂ ಇಲ್ಲಿಯದೇ. ಟೀಚರ್ ಆಂಟಿ ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡಿದ್ದಾಳೆ.

ಊಟದ ವಿಷಯ ಹೇಳದಿದ್ದರೆ ನೀನು ಚಿಂತೆ ಮಾಡ್ತೀಯ. ಒಂದು ಕಡೆ ಮಾಂಸ ಬೇಡ ಅಂತ ಎರಡು ಸಲ ಹೇಳಿದರೂ ಸೂಪಿನಲ್ಲಿ ಸಾಸೇಜಿನ ಚೂರು ತೇಲುತ್ತಿತ್ತು. ಬಟ್ಟಲು ಹಿಂದೆ ಕಳಿಸಿ ಬ್ರೆಡ್, ಆಲಿವ್, ಟೊಮೆಟೊ ತಿಂದೆವು. ಆದರೆ ಇಲ್ಲಿನ ಕುರಿಹಾಲಿನ ಚೀಸ್ ಇದೆಯಲ್ಲ, ಅದಕ್ಕೆ ಹೆಪ್ಪು ಹಾಕುವುದು ಒಂದು ಮುಳ್ಳುಗಿಡದ ನೇರಳೆ ಹೂವಿನಿಂದ. ಒಣಗಿಸಿದ ಹೂವಿನ ಎಳೆಗಳನ್ನು ನೀರಲ್ಲಿ ನೆನೆಸಿ ಹಾಲಿಗೆ ಹಾಕುತ್ತಾರೆ. ಸ್ವಲ್ಪ ಕಹಿ, ಸ್ವಲ್ಪ ಉಪ್ಪು. ನಾಲ್ಕು ದಿನವೂ ಅದನ್ನೇ ತಿಂದೆವು.

ನಿನ್ನೆ ಕೋಟೆ ಹತ್ತಿದೆವು. ಪೋರ್ಚುಗಲ್‌ನ ಮೊದಲ ರಾಜ ಅಫೊನ್ಸೊ ಹೆನ್ರಿಕ್ಸ್ 1165ರಲ್ಲಿ ಈ ಗುಡ್ಡವನ್ನು ಟೆಂಪ್ಲರ್ ಎಂಬ ಕ್ರೈಸ್ತ ಸನ್ಯಾಸಿ-ಯೋಧರಿಗೆ ಕೊಟ್ಟ. ಕೋಟೆ ಅವರು ಕಟ್ಟಿದ್ದು. ಬ್ಯಾಂಕ್ ಆಂಟಿಯ ಮೊಣಕಾಲು ನಿನಗೆ ಗೊತ್ತೇ ಇದೆ. ಹತ್ತು ಮೆಟ್ಟಿಲಿಗೊಮ್ಮೆ ಕೂರಬೇಕು. "ನೀವು ಹೋಗಿ ಬನ್ನಿ ಮಾರಾಯ್ತಿ, ನಾನು ಇಲ್ಲೇ ಇರ್ತೇನೆ" ಅಂದಳು. ನಾವು ಮೂವರೂ ಒಂದೂ ಮಾತಾಡದೆ ಅವಳ ಪಕ್ಕ ಕೂತೆವು. ಅರ್ಧ ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯಿತು. ಹಾಗೆ ಕೂತದ್ದರಿಂದಲೇ ಪಾಳುಬಿದ್ದ ಒಂದು ಹಳೆಯ ಚಾಪೆಲ್ ಹತ್ತಿರ ಬಂಡೆಯಲ್ಲೇ ಕೊರೆದ ಗೋರಿಗಳು ಕಣ್ಣಿಗೆ ಬಿದ್ದವು. ಮನುಷ್ಯನ ಮೈಯಳತೆಗೆ ಕೊರೆದದ್ದು, ತಲೆಗೆ ಬೇರೆಯೇ ಗುಂಡಗಿನ ಜಾಗ. ಅದರೊಳಗೆ ಮಳೆನೀರು ನಿಂತು ಆಕಾಶ ಕಾಣುತ್ತಿತ್ತು.

ಕೋಟೆಯದ್ದೊಂದು ಕಥೆ ಇದೆ. ಶತ್ರುಗಳು ಏಳು ವರ್ಷ ಮುತ್ತಿಗೆ ಹಾಕಿದ್ದರಂತೆ. ಒಳಗೆ ಉಳಿದದ್ದು ಒಂದು ಕರು, ಒಂದಿಷ್ಟು ಗೋಧಿ. ಆ ಗೋಧಿಯನ್ನೆಲ್ಲ ಕರುವಿಗೆ ತಿನ್ನಿಸಿ ಅದನ್ನು ಗೋಡೆಯಿಂದ ಕೆಳಗೆ ಎಸೆದರು. ಸತ್ತ ಕರುವಿನ ಹೊಟ್ಟೆಯಲ್ಲಿ ಗೋಧಿ ನೋಡಿ, ಇವರಿಗೆ ಊಟಕ್ಕೇನೂ ಕೊರತೆಯಿಲ್ಲ ಅಂತ ಶತ್ರುಗಳು ಹೊರಟುಹೋದರಂತೆ. ಪಾಪದ ಕರು! ಈಗ ಪ್ರತಿ ಮೇ ತಿಂಗಳು ಹಬ್ಬದಲ್ಲಿ ಕರುವಿನ ಬದಲು ಹೂ ತುಂಬಿದ ಮಣ್ಣಿನ ಮಡಕೆಯನ್ನು ಎಸೆಯುತ್ತಾರೆ.

ಇಳಿದು ಬರುವಾಗ ಸಂಜೆಯಾಗಿತ್ತು. ಒಬ್ಬ ಅಜ್ಜಿ ಹೊಸ್ತಿಲಲ್ಲಿ ಕೂತು ಬಟ್ಟೆಯ ಗೊಂಬೆ ಹೊಲಿಯುತ್ತಿದ್ದರು. ಪಕ್ಕದಲ್ಲಿ ಚೌಕಾಕಾರದ ಒಂದು ವಾದ್ಯ. ಹೆಸರು ಅದುಫೆ. ಅರಬರು ತಂದದ್ದು. ನಮ್ಮ ಬ್ಯಾರಿಗಳ ದಫ್ ಇದೆಯಲ್ಲ, ಅದೇ ಮಾತು. ನಮ್ಮದು ದುಂಡಗೆ, ಇದು ಚೌಕ, ಎರಡೂ ಕಡೆ ಚರ್ಮ. ಒಳಗೆ ಬೀಜ ಹಾಕಿರುತ್ತಾರೆ, ಬಡಿದಾಗ ಗಲಗಲ ಅನ್ನುತ್ತದೆ. ಇಲ್ಲಿ ಇದನ್ನು ಬಾರಿಸುವವರು ಹೆಂಗಸರು.

ಬೆಳಗಾವಿ ಆಂಟಿ ಅದನ್ನೇ ನೋಡುತ್ತಾ ನಿಂತಳು. ಅಂಕಲ್ ಹೋದ ಮೇಲೆ ಅವಳು ಹಾಡಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಅಜ್ಜಿ ಅವಳ ಮುಖವನ್ನೊಮ್ಮೆ ನೋಡಿ, ಸೂಜಿಯನ್ನು ರವಿಕೆಗೆ ಚುಚ್ಚಿಕೊಂಡು, ಅದುಫೆಯನ್ನು ಅವಳ ಕೈಗೆ ಕೊಟ್ಟರು. ಎರಡು ಹೆಬ್ಬೆರಳು, ಒಂದು ತೋರುಬೆರಳು ಎಲ್ಲಿ ಹಿಡಿಯಬೇಕೋ ಅಲ್ಲಿ ಒಂದೊಂದಾಗಿ ಕೂರಿಸಿದರು. ಮೊದಲು ಬರೀ ದಬದಬ. ಆಮೇಲೆ ತಾಳ ಸಿಕ್ಕಿತು. ಹಾಸ್ಟೆಲಿನಲ್ಲಿ ಬಕೆಟ್ ಬೋರಲು ಹಾಕಿ ಬಡಿಯುತ್ತಿದ್ದ ಅದೇ ತಾಳ. ಸಣ್ಣ ದನಿಯಲ್ಲಿ ಬೀಸೋ ಪದ ಶುರು ಮಾಡಿದಳು. ಅಜ್ಜಿಗೆ ಒಂದಕ್ಷರ ಅರ್ಥವಾಗಿರಲಿಕ್ಕಿಲ್ಲ. ಆದರೂ ಮೊಣಕಾಲ ಮೇಲೆ ತಟ್ಟುತ್ತಾ ಕೂತರು. ಮುಗಿಸಿ ನಮ್ಮ ಕಡೆ ತಿರುಗಿ, "ಕೈ ಇನ್ನೂ ಮರ್ತಿಲ್ಲ ನೋಡವ್ವಾ" ಅಂದಳು. ಬ್ಯಾಂಕ್ ಆಂಟಿ ಗೋಡೆ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು. ನಾನೂ.

ಪುಟ್ಟಿ, ನೀನು ಸಕಲೇಶಪುರದ ಪ್ಲಾನ್ ಎರಡು ಸಲ ಕ್ಯಾನ್ಸಲ್ ಮಾಡಿದೆ. "ಫ್ರೆಂಡ್ಸ್‌ಗೆಲ್ಲ ಟೈಮ್ ಎಲ್ಲಮ್ಮಾ" ಅಂದೆ. ನಾನೂ ಹಾಗೇ ಅಂದುಕೊಂಡು ಎಷ್ಟೋ ವರ್ಷ ಕಳೆದೆ. ನಿನ್ನ ಪರೀಕ್ಷೆ, ಅಜ್ಜನ ಔಷಧಿ, ಮನೆಯ ಸಾಲ. ಈ ಮೂವರು ಮಾತ್ರ ನನ್ನನ್ನು ಬಿಡಲಿಲ್ಲ. ನಾನು ಫೋನ್ ಮಾಡದಿದ್ದರೆ ಅವರೇ ಮಾಡಿದರು. ಅವರು ಬಿಟ್ಟಿದ್ದರೆ ನಿನ್ನೆ ಸಂಜೆ ಆ ಹೊಸ್ತಿಲ ಮುಂದೆ ನಾನು ಇರುತ್ತಿರಲಿಲ್ಲ. ಈ ಸಲ ಹೋಗಿ ಬಾ. ರಜೆ ಸಿಗದಿದ್ದರೆ ಒಂದು ಭಾನುವಾರವಾದರೂ ಹೋಗು.

ಅಜ್ಜಿ ಹೊಲಿಯುತ್ತಿದ್ದ ಗೊಂಬೆಯನ್ನು ನಿನಗೆ ತಗೊಂಡಿದ್ದೇನೆ. ಹೆಸರು ಮರಾಫೋನ. ಶಿಲುಬೆಯ ಹಾಗೆ ಕಟ್ಟಿದ ಎರಡು ಕಡ್ಡಿ, ಮೇಲೆ ಬಣ್ಣದ ಬಟ್ಟೆ. ಕಣ್ಣಿಲ್ಲ, ಕಿವಿಯಿಲ್ಲ, ಬಾಯಿಲ್ಲ. ಹೊಸ ಮದುಮಕ್ಕಳ ಮಂಚದ ಕೆಳಗೆ ಇಡುತ್ತಾರಂತೆ. ಏನೂ ನೋಡಬಾರದು, ಕೇಳಬಾರದು ಅಂತ ಮುಖ ಮಾಡುವುದಿಲ್ಲವಂತೆ. ಸಿಡಿಲಿನಿಂದಲೂ ಮನೆಯನ್ನು ಕಾಯುತ್ತದೆ ಅನ್ನುತ್ತಾರೆ. ಊರಲ್ಲಿ ಈ ದಿನಗಳಲ್ಲಿ ಸಂಜೆ ಹೊತ್ತು ಗುಡುಗು ಶುರುವಾಗಿರಬೇಕು. ಗುಡುಗಿದಾಗೆಲ್ಲ ನೀನು ಓಡಿಬಂದು ನನ್ನ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದೆ. ಗೊಂಬೆಯನ್ನು ನನ್ನ ಆ ಹಸಿರು ಕಾಟನ್ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಇಟ್ಟಿದ್ದೇನೆ.

ಬೆಳಕಾಯಿತು. ಯಾರೋ ಎದ್ದ ಸದ್ದು. ಚಹಾಕ್ಕೆ ನೀರಿಡಬೇಕು.

ನಿನ್ನ ಅಮ್ಮ